ಕಾಶಿಗೆ ಹೋದರೆ ಏನು ಬಿಡ್ತೀರಿ?

ಕಾಶಿಗೆ ಹೋದವರು ಒಂದು ಹಣ್ಣನ್ನೋ ತರಕಾರಿಯನ್ನೋ ಬಿಟ್ಟು ಬರಬೇಕು ಅನ್ನೋದು ನಮ್ಮ ಕಡೆಯ ವಾಡಿಕೆ. ಇಷ್ಟವಾದದ್ದನ್ನು ಬಿಡಿ ಅಂದರೆ ಹಾಗಲಕಾಯಿ ಬಿಟ್ಟು ಬಂದ ಜಾಣರೂ ಇದ್ದಾರೆ! ಈ ಸಲ ಕಾಶಿಯ ನೆಪದಲ್ಲಿ ನಮ್ಮ ಹೆಣ್ಣುಮಕ್ಕಳು ಬಿಡಬಹುದಾದ ಇನ್ನೊಂದರ ಬಗ್ಗೆ ಮಾತಾಡೋಣ. ಅದು ಸಂಕೋಚ.

ವಿಶ್ವನಾಥನ ದರ್ಶನ, ಗಂಗಾಸ್ನಾನ, ಜಂಗಮವಾಡಿ ಮಠ ಎಲ್ಲ ನಮಗೆ ಗೊತ್ತು. ಅದೇ ಊರಿನಲ್ಲಿ ಎರಡು ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳೂ ಇವೆ. ಒಂದು ಲಹರ್‌ತಾರಾದ ಹೋಮಿ ಭಾಭಾ ಆಸ್ಪತ್ರೆ, ಇನ್ನೊಂದು ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಆವರಣದ ಮಹಾಮನ ಮಾಳವೀಯ ಕ್ಯಾನ್ಸರ್ ಕೇಂದ್ರ. ಎರಡೂ ಟಾಟಾ ಮೆಮೋರಿಯಲ್ ಸೆಂಟರ್‌ಗೆ ಸೇರಿದವು, 2019ರ ಫೆಬ್ರವರಿಯಲ್ಲಿ ಉದ್ಘಾಟನೆಯಾದವು. ಉತ್ತರ ಪ್ರದೇಶ, ಬಿಹಾರದ ಹಳ್ಳಿಗಳಿಂದ ರೋಗಿಗಳು ಇಲ್ಲಿಗೆ ಬರುತ್ತಾರೆ. ಗರ್ಭಕೊರಳಿನ ಕ್ಯಾನ್ಸರ್ ಆದವರಲ್ಲಿ ತಡವಾಗಿ ಬರುವವರೇ ಜಾಸ್ತಿ. ಇದು ಕಾಶಿಯ ಕಥೆ ಮಾತ್ರವಲ್ಲ, ನಮ್ಮ ರಾಜ್ಯದ್ದೂ ಹೌದು.

ನಮ್ಮ ದೇಶದ ಮಹಿಳೆಯರನ್ನು ಕಾಡುವ ಕ್ಯಾನ್ಸರ್‌ಗಳಲ್ಲಿ ಸ್ತನ ಕ್ಯಾನ್ಸರ್ ಬಿಟ್ಟರೆ ಇದೇ ಮುಂದೆ. 2022ರ ಅಂದಾಜಿನಂತೆ ಹೊಸದಾಗಿ ಕಾಯಿಲೆಗೆ ತುತ್ತಾದವರು ಸುಮಾರು 1.27 ಲಕ್ಷ, ತೀರಿಕೊಂಡವರು ಸುಮಾರು 80 ಸಾವಿರ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವಯಸ್ಸಿನ ನೂರು ಮಹಿಳೆಯರಲ್ಲಿ ಒಮ್ಮೆಯಾದರೂ ತಪಾಸಣೆ ಮಾಡಿಸಿಕೊಂಡವರು ಇಬ್ಬರೂ ಇಲ್ಲ!

ಬೇಸರದ ಸಂಗತಿ ಏನೆಂದರೆ, ಇದು ಮುಂಚಿತವಾಗಿ ಸುಳಿವು ಕೊಡುವ ಕ್ಯಾನ್ಸರ್. ಹೆಚ್ಚುಕಡಿಮೆ ಎಲ್ಲ ಪ್ರಕರಣಗಳಿಗೂ ಎಚ್‌ಪಿವಿ ಎಂಬ ವೈರಸ್ ಕಾರಣ. ಇದನ್ನು ತೋರಿಸಿಕೊಟ್ಟ ಜರ್ಮನಿಯ ಹೆರಾಲ್ಡ್ ಜುರ್ ಹಾಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಲೈಂಗಿಕ ಸಂಪರ್ಕದಿಂದ ಹರಡುವ ಈ ವೈರಸ್ ಬಹಳ ಸಾಮಾನ್ಯ. ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ತಾನಾಗಿಯೇ ಹೋಗುತ್ತದೆ. ಕೆಲವರಲ್ಲಿ ಮಾತ್ರ ಉಳಿದು, ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15-20 ವರ್ಷ ಹಿಡಿಯುತ್ತದೆ. ಆ ಅವಧಿಯಲ್ಲಿ ನೋವೂ ಇರುವುದಿಲ್ಲ, ರಕ್ತವೂ ಕಾಣುವುದಿಲ್ಲ. ತಪಾಸಣೆ ಇರುವುದೇ ಆ ದಿನಗಳಿಗಾಗಿ.

ಹಾಗಾದರೆ ಯುವತಿಯರು ಹಿಂಜರಿಯುವುದು ಏಕೆ?

"ನನಗೇನೂ ತೊಂದರೆ ಇಲ್ವಲ್ಲ!" ತೊಂದರೆ ಇಲ್ಲದವರಿಗೇ ಈ ಪರೀಕ್ಷೆ. ಮುಟ್ಟಿನ ನಡುವೆ, ಮುಟ್ಟು ನಿಂತ ಮೇಲೆ ಅಥವಾ ಸಂಭೋಗದ ನಂತರ ರಕ್ತ ಕಂಡರೆ ತಪಾಸಣೆಯ ವಯಸ್ಸಿಗೆ ಕಾಯದೆ ನೇರ ವೈದ್ಯರ ಹತ್ತಿರ ಹೋಗಬೇಕು.

"ತುಂಬಾ ನೋವಾಗುತ್ತಂತೆ." ಸರಳ ವಿಧಾನವೆಂದರೆ ವಿನೆಗರ್‌ನಂಥ ತೆಳು ದ್ರಾವಣ ಹಚ್ಚಿ ಒಂದು ನಿಮಿಷ ಕಾದು, ಬಿಳಿ ಮಚ್ಚೆ ಕಾಣುತ್ತದೆಯೇ ಎಂದು ನೋಡುವುದು. ಸ್ವಲ್ಪ ಕಿರಿಕಿರಿ ಆಗಬಹುದು, ಕೆಲವೇ ನಿಮಿಷದ ಕೆಲಸ. ಪ್ಯಾಪ್ ಪರೀಕ್ಷೆಯಲ್ಲಿ ಜೀವಕೋಶಗಳನ್ನು ಮೃದುವಾಗಿ ಕೆರೆದು ತೆಗೆಯುತ್ತಾರೆ. ಎಚ್‌ಪಿವಿ ಪರೀಕ್ಷೆಗೆ ಮಾದರಿಯನ್ನು ಮಹಿಳೆಯೇ ತೆಗೆದುಕೊಡುವ ವಿಧಾನವೂ ಬಂದಿದೆ.

"ಯಾರಾದ್ರೂ ನೋಡಿದ್ರೆ ಏನಂತಾರೆ?" ನಿಜವಾದ ಅಡ್ಡಿ ಇದೇ. ವೈರಸ್ ಇದೆ ಎಂದರೆ ನಡತೆ ಸರಿಯಿಲ್ಲ ಎಂದಲ್ಲ. ಒಬ್ಬನೇ ಗಂಡನೊಂದಿಗೆ ಬಾಳಿದವಳಿಗೂ ಇದು ಬರಬಹುದು. ಮಹಿಳಾ ಸಿಬ್ಬಂದಿಯೇ ಇರಲಿ ಎಂದು ಕೇಳುವುದಕ್ಕೂ ನಾಚಬೇಕಿಲ್ಲ.

"ರಿಪೋರ್ಟ್ ಕೆಟ್ಟದಾಗಿ ಬಂದರೆ?" ಮಚ್ಚೆ ಎಂದ ಮಾತ್ರಕ್ಕೆ ಕ್ಯಾನ್ಸರ್ ಅಲ್ಲ. ಕ್ಯಾನ್ಸರ್‌ಗೆ ಮುಂಚಿನ ಬದಲಾವಣೆಯಾದರೆ ಆ ಜಾಗವನ್ನು ಶಾಖದಿಂದಲೋ ಶೀತದಿಂದಲೋ ನಾಶಮಾಡಿ ಸಾಮಾನ್ಯವಾಗಿ ಅದೇ ದಿನ ಮನೆಗೆ ಕಳುಹಿಸುತ್ತಾರೆ. ಗರ್ಭಕೋಶ ತೆಗೆಯಬೇಕಾಗಿಲ್ಲ.

ಈ ವಿನೆಗರ್ ಪರೀಕ್ಷೆ ಅಗ್ಗ ಎಂದು ಅನುಮಾನ ಬೇಡ. ಟಾಟಾ ಮೆಮೋರಿಯಲ್ ಮುಂಬಯಿಯ ಕೊಳೆಗೇರಿಗಳಲ್ಲಿ ಸುಮಾರು ಒಂದೂವರೆ ಲಕ್ಷ ಮಹಿಳೆಯರನ್ನು ಒಳಗೊಂಡು ನಡೆಸಿದ ಅಧ್ಯಯನದ ಫಲಿತಾಂಶ 2013ರಲ್ಲಿ ಹೊರಬಿತ್ತು. ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತೆಯರೇ ಪರೀಕ್ಷೆ ಮಾಡಿದ್ದರು. ಈ ಕಾಯಿಲೆಯ ಸಾವು ಶೇ. 31ರಷ್ಟು ಇಳಿದಿತ್ತು.

ಈಗ ಮಾಡಬೇಕಾದ್ದು ಇಷ್ಟು. ಸರ್ಕಾರದ ಕಾರ್ಯಕ್ರಮದಂತೆ 30 ದಾಟಿದವರು 5 ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿಕೊಳ್ಳಬೇಕು. ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಬೆಂಗಳೂರಿನವರಿಗೆ ಕಿದ್ವಾಯಿ ಇದ್ದೇ ಇದೆ. ಮನೆಯಲ್ಲಿ 9ರಿಂದ 14 ವರ್ಷದ ಹುಡುಗಿ ಇದ್ದರೆ ಲಸಿಕೆಗೆ ಅದೇ ಒಳ್ಳೆಯ ವಯಸ್ಸು. ಇಪ್ಪತ್ತರ ಆಸುಪಾಸಿನವರೂ ವೈದ್ಯರನ್ನು ಕೇಳಬಹುದು. ಲಸಿಕೆ ಹಾಕಿಸಿಕೊಂಡವರಿಗೂ ಮುಂದೆ ತಪಾಸಣೆ ತಪ್ಪಿದ್ದಲ್ಲ.

ನಿಮಗಿನ್ನೂ ಇಪ್ಪತ್ತೆರಡೇ? ಹಾಗಾದರೆ ಮೊದಲ ಸರದಿ ಅಮ್ಮನದು. ಇವತ್ತು ಫೋನ್ ಮಾಡಿದಾಗ "ಊಟ ಆಯ್ತಾ" ಜೊತೆಗೆ ಇದನ್ನೂ ಕೇಳಿಬಿಡಿ.