ಹಂದಿ ಜ್ವರ ಮತ್ತು ಲಸಿಕಾ ಸಂಶೋಧನೆ

ಹಂದಿ ಸಾಕಣೆಯು ಕಡಿಮೆ ಬಂಡವಾಳದಲ್ಲಿ ಶೀಘ್ರ ಆದಾಯ ತರುವ ಕಸುಬಾಗಿದ್ದು, ನಮ್ಮ ದೇಶದಲ್ಲಿ ಬಹುತೇಕ ಸಣ್ಣ ಹಿಡುವಳಿದಾರರು ಹಾಗೂ ಭೂರಹಿತ ಕುಟುಂಬಗಳು ಇದನ್ನು ಅವಲಂಬಿಸಿವೆ. 2019ರ 20ನೇ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಸುಮಾರು 90 ಲಕ್ಷ ಹಂದಿಗಳಿದ್ದವು. 2012ರ ಗಣತಿಗೆ ಹೋಲಿಸಿದಲ್ಲಿ ಇದು ಶೇ. 12ರಷ್ಟು ಕಡಿಮೆ. ನಾಲ್ಕೈದು ಹಂದಿಗಳನ್ನು ಸಾಕಿರುವ ಕುಟುಂಬಕ್ಕೆ ಹಂದಿ ಜ್ವರವು ಒಮ್ಮೆ ತಗುಲಿದಲ್ಲಿ ವರ್ಷದ ಸಂಪಾದನೆಯೇ ನಷ್ಟವಾಗುತ್ತದೆ. ಈ ರೋಗಕ್ಕೆ ಚಿಕಿತ್ಸೆ ಇರುವುದಿಲ್ಲ. ಲಸಿಕೆಯೊಂದೇ ರಕ್ಷಣೆ.

ರೋಗಕಾರಕ

ಹಂದಿ ಜ್ವರವು ಪೆಸ್ಟಿವೈರಸ್ ಗುಂಪಿಗೆ ಸೇರಿದ ಆರ್‌ಎನ್‌ಎ ವೈರಾಣುವಿನಿಂದ ಬರುತ್ತದೆ. ಇದು ಮನುಷ್ಯರಿಗೆ ತಗುಲುವುದಿಲ್ಲ. 1885ರ ಸುಮಾರಿಗೆ ಅಮೆರಿಕದ ಸಾಲ್ಮನ್ ಮತ್ತು ಸ್ಮಿತ್ ಅವರು ಇದಕ್ಕೆ ಒಂದು ಬ್ಯಾಕ್ಟೀರಿಯಾ ಕಾರಣವೆಂದು ಭಾವಿಸಿದ್ದರು. ಬ್ಯಾಕ್ಟೀರಿಯಾಗಳನ್ನು ತಡೆಯುವ ಸೋಸುಕದ ಮೂಲಕ ಹಾಯಿಸಿದ ದ್ರವವೂ ರೋಗ ತರುತ್ತದೆ ಎಂಬುದನ್ನು 1903ರಲ್ಲಿ ಡಿ ಶ್ವೈನಿಟ್ಸ್ ಮತ್ತು ಡಾರ್ಸೆಟ್ ತೋರಿಸಿಕೊಟ್ಟ ನಂತರವೇ ಸರಿಯಾದ ದಿಕ್ಕಿನಲ್ಲಿ ಸಂಶೋಧನೆ ಸಾಗಿತು. ಅಮೆರಿಕವು ಈ ರೋಗದಿಂದ ಮುಕ್ತವೆಂದು ಘೋಷಿಸಿಕೊಂಡದ್ದು 1978ರಲ್ಲಿ.

ಮೊಲದಿಂದ ಬಂದ ಲಸಿಕೆ

ವೈರಾಣುವನ್ನು ಮೊಲದಿಂದ ಮೊಲಕ್ಕೆ ನೂರಾರು ಬಾರಿ ದಾಟಿಸಿದಾಗ ಅದು ಮೊಲದ ದೇಹಕ್ಕೆ ಒಗ್ಗಿ, ಹಂದಿಯಲ್ಲಿ ರೋಗ ತರುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಆದರೆ ರೋಗ ನಿರೋಧಕ ಶಕ್ತಿಯನ್ನು ಪ್ರಚೋದಿಸುವ ಗುಣ ಉಳಿಯುತ್ತದೆ. 1950ರ ದಶಕದಲ್ಲಿ ಚೀನಾದಲ್ಲಿ ಸಿದ್ಧಗೊಂಡ 'ಸಿ' ತಳಿಯು ಈ ವಿಧಾನದ ಫಲ. ಈ ತಳಿಯ ಲಸಿಕೆ ಪಡೆದ ಹಂದಿಯು ನಾಲ್ಕೈದು ದಿನಗಳಲ್ಲಿಯೇ ರಕ್ಷಣೆ ಹೊಂದುತ್ತದೆ. ಆದರೆ ರಕ್ತದಲ್ಲಿ ವೈರಾಣುವನ್ನು ನಿಷ್ಕ್ರಿಯಗೊಳಿಸುವ ಪ್ರತಿಕಾಯಗಳು ಕಾಣಿಸಿಕೊಳ್ಳಲು ಸುಮಾರು ಎರಡು ವಾರಗಳು ಬೇಕು. ಹಾಗಾದರೆ ನಡುವಿನ ದಿನಗಳಲ್ಲಿ ಹಂದಿಯನ್ನು ಕಾಪಾಡುವುದು ಯಾವುದು? ಸೋಂಕಿತ ಜೀವಕೋಶಗಳನ್ನು ಗುರುತಿಸುವ ಟಿ-ಕೋಶಗಳು ಹಾಗೂ ಅವು ಸ್ರವಿಸುವ ಗಾಮಾ ಇಂಟರ್‌ಫೆರಾನ್ ಈ ಕಾರ್ಯದಲ್ಲಿ ಪ್ರಮುಖವೆಂದು ಸಂಶೋಧನೆಗಳು ಸೂಚಿಸಿವೆ. ಪ್ರತಿಕಾಯದ ಪ್ರಮಾಣವೊಂದನ್ನೇ ಅಳೆದು ಲಸಿಕೆಯ ಗುಣವನ್ನು ನಿರ್ಧರಿಸಲಾಗದು ಎಂಬುದಕ್ಕೆ ಇದು ಉತ್ತಮ ನಿದರ್ಶನ.

ನಮ್ಮ ದೇಶದಲ್ಲಿ 1964ರಿಂದ ಬ್ರಿಟನ್ನಿನ ವೇಬ್ರಿಜ್ ತಳಿಯ ಮೊಲದ ಲಸಿಕೆ ಬಳಕೆಗೆ ಬಂದಿತು. ಇದರ ತೊಡಕು ಉತ್ಪಾದನೆಯದು. ಮೊಲವನ್ನು ಕೊಂದು ತೆಗೆದ ಒಂದು ಗುಲ್ಮದಿಂದ ದೊರೆಯುವುದು ಸುಮಾರು 50 ಡೋಸ್ ಮಾತ್ರ. ದೇಶಕ್ಕೆ ವರ್ಷಕ್ಕೆ 220 ಲಕ್ಷ ಡೋಸ್ ಅಗತ್ಯವಿದ್ದಾಗ ತಯಾರಾಗುತ್ತಿದ್ದುದು ಸುಮಾರು 12 ಲಕ್ಷ. ಅಂದರೆ ಇಪ್ಪತ್ತು ಹಂದಿಗಳಲ್ಲಿ ಹೆಚ್ಚುಕಡಿಮೆ ಒಂದಕ್ಕೆ ಮಾತ್ರ ಲಸಿಕೆ!

ಈ ಕೊರತೆಯನ್ನು ನೀಗಿಸಲು ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯು ಮೊದಲು ವಿದೇಶಿ ಲಸಿಕಾ ತಳಿಯನ್ನೂ ನಂತರ ದೇಶೀಯ ತಳಿಯನ್ನೂ ಪ್ರಯೋಗಾಲಯದ ಜೀವಕೋಶಗಳಲ್ಲಿ ಬೆಳೆಸುವ ವಿಧಾನವನ್ನು ರೂಪಿಸಿತು. ದೇಶೀಯ ತಳಿಯ ಲಸಿಕೆಯು 2020ರ ಫೆಬ್ರವರಿಯಲ್ಲಿ ಬಿಡುಗಡೆಯಾಯಿತು. ಆ ಸಂದರ್ಭದಲ್ಲಿ ನೀಡಲಾದ ಮಾಹಿತಿಯಂತೆ 75 ಚದರ ಸೆಂಟಿಮೀಟರಿನ ಒಂದು ಫ್ಲಾಸ್ಕಿನಿಂದ ಸುಮಾರು 64 ಲಕ್ಷ ಡೋಸ್ ತಯಾರಿಸಬಹುದು. ಮೊಲದ ಲಸಿಕೆಗೆ ಡೋಸ್ ಒಂದಕ್ಕೆ ರೂ. 15ರಿಂದ 25 ತಗಲುತ್ತಿದ್ದರೆ ಇದಕ್ಕೆ ಅಂದಾಜು ರೂ. 2ಕ್ಕಿಂತ ಕಡಿಮೆ. ಮೊಲಗಳ ಪ್ರಾಣವೂ ಉಳಿಯುತ್ತದೆ.

ಮರಿಗಳಿಗೆ ಲಸಿಕೆ ಯಾವಾಗ?

ಹಂದಿಯಲ್ಲಿ ತಾಯಿಯ ಪ್ರತಿಕಾಯಗಳು ಗರ್ಭದಲ್ಲಿರುವ ಮರಿಗೆ ದಾಟುವುದಿಲ್ಲ. ಹುಟ್ಟಿದ ಮೊದಲ ದಿನ ಕುಡಿಯುವ ಗಿಣ್ಣುಹಾಲಿನಿಂದಲೇ ಅವು ಮರಿಗೆ ದೊರೆಯಬೇಕು. ಲಸಿಕೆ ಪಡೆದ ತಾಯಿಯ ಗಿಣ್ಣುಹಾಲು ಮರಿಗಳನ್ನು ಕೆಲವು ವಾರಗಳವರೆಗೆ ಕಾಪಾಡುತ್ತದೆ. ಆದರೆ ಇದೇ ಪ್ರತಿಕಾಯಗಳು ಲಸಿಕೆಯಲ್ಲಿರುವ ದುರ್ಬಲ ವೈರಾಣುವನ್ನೂ ನಾಶಮಾಡುವುದರಿಂದ, ತೀರಾ ಎಳೆಯ ಮರಿಗೆ ಹಾಕಿದ ಲಸಿಕೆ ವ್ಯರ್ಥವಾಗಬಹುದು. 'ಲಸಿಕೆ ಹಾಕಿಸಿದರೂ ಜ್ವರ ಬಂತು' ಎಂಬ ದೂರಿಗೆ ಇದು ಹಾಗೂ ಲಸಿಕೆಯನ್ನು ಶೀತಲೀಕರಣವಿಲ್ಲದೆ ಸಾಗಿಸಿರುವುದು ಅನೇಕ ವೇಳೆ ಕಾರಣವಾಗಿರುತ್ತದೆ. ಆದುದರಿಂದ ಮರಿಯ ವಯಸ್ಸು ಹಾಗೂ ತಾಯಿಗೆ ಲಸಿಕೆ ಹಾಕಿಸಿದ ದಿನಾಂಕವನ್ನು ಪಶುವೈದ್ಯರಿಗೆ ತಪ್ಪದೆ ತಿಳಿಸತಕ್ಕದ್ದು.

ಗಬ್ಬದ ಹಂದಿಗೆ ಸೋಂಕು ತಗುಲಿದಲ್ಲಿ ಇನ್ನೊಂದು ಅಪಾಯವಿದೆ. ಗರ್ಭದ ನಡುವಿನ ಅವಧಿಯಲ್ಲಿ ವೈರಾಣು ಹೊಕ್ಕರೆ, ಇನ್ನೂ ಬಲಿಯದ ಮರಿಯ ರಕ್ಷಣಾ ವ್ಯವಸ್ಥೆಯು ಅದನ್ನು ತನ್ನ ದೇಹದ ಭಾಗವೆಂದೇ ಪರಿಗಣಿಸುತ್ತದೆ. ಇಂತಹ ಮರಿ ಪ್ರತಿಕಾಯವನ್ನು ಉತ್ಪಾದಿಸದೆ, ಆರೋಗ್ಯವಾಗಿರುವಂತೆ ಕಾಣುತ್ತಲೇ ತಿಂಗಳುಗಟ್ಟಲೆ ವೈರಾಣುವನ್ನು ಹರಡುತ್ತದೆ.

ಗುರುತು ಲಸಿಕೆಗಳು

ಮೊಲದ ಹಾಗೂ ಜೀವಕೋಶದ ಲಸಿಕೆಗಳ ಒಂದು ಮಿತಿಯೆಂದರೆ, ಲಸಿಕೆ ಪಡೆದ ಹಂದಿ ಯಾವುದು, ರೋಗದಿಂದ ಚೇತರಿಸಿಕೊಂಡ ಹಂದಿ ಯಾವುದು ಎಂಬುದನ್ನು ರಕ್ತಪರೀಕ್ಷೆಯಿಂದ ಹೇಳಲಾಗುವುದಿಲ್ಲ. ವೈರಾಣುವಿನ ಹೊರಕವಚದ 'ಇ2' ಎಂಬ ಪ್ರೋಟೀನನ್ನು ಮಾತ್ರ ಬಳಸಿದ ಲಸಿಕೆಗಳಲ್ಲಿ ಈ ತೊಡಕಿಲ್ಲ. ಅಂತಹ ಹಂದಿಯ ರಕ್ತದಲ್ಲಿ ವೈರಾಣುವಿನ ಬೇರೆ ಪ್ರೋಟೀನುಗಳ ವಿರುದ್ಧ ಪ್ರತಿಕಾಯ ಕಂಡುಬಂದಲ್ಲಿ ಅದು ನಿಜವಾದ ಸೋಂಕು. ದನಗಳ ಸಂಬಂಧಿತ ವೈರಾಣುವಿಗೆ ಹಂದಿ ಜ್ವರದ 'ಇ2' ಜೋಡಿಸಿದ ಜೀವಂತ ಲಸಿಕೆಗೆ ಐರೋಪ್ಯ ಒಕ್ಕೂಟವು 2015ರಲ್ಲಿ ಅನುಮತಿ ನೀಡಿತು.

ಆಫ್ರಿಕನ್ ಹಂದಿ ಜ್ವರ ಬೇರೆ

ಹೆಸರು ಒಂದೇ ತೆರನಾಗಿದ್ದರೂ ಇದು ದೊಡ್ಡ ಗಾತ್ರದ ಡಿಎನ್‌ಎ ವೈರಾಣುವಿನಿಂದ ಬರುವ ಪ್ರತ್ಯೇಕ ರೋಗ. ಭಾರತದಲ್ಲಿ 2020ರಲ್ಲಿ ಅಸ್ಸಾಂ ಮತ್ತು ಅರುಣಾಚಲ ಪ್ರದೇಶಗಳಲ್ಲಿ ಮೊದಲು ಕಾಣಿಸಿಕೊಂಡಿತು. 2022ರ ಜುಲೈನಲ್ಲಿ ನಮ್ಮ ಕೊಡಗು, ಮೈಸೂರು ಮತ್ತು ಚಾಮರಾಜನಗರ ಜಿಲ್ಲೆಗಳ ಗಡಿಗೆ ಹೊಂದಿಕೊಂಡಿರುವ ವಯನಾಡಿನಲ್ಲಿ ದೃಢಪಟ್ಟಿತು. ಈ ವೈರಾಣು ರೋಗಾಣುಗಳನ್ನು ನುಂಗಬೇಕಾದ ಭಕ್ಷಕ ಕೋಶಗಳಲ್ಲಿಯೇ ನೆಲೆಸಿ ಬೆಳೆಯುತ್ತದೆ. ಪ್ರತಿಕಾಯಗಳಷ್ಟರಿಂದಲೇ ಅದನ್ನು ತಡೆಯಲಾಗದು. ಸತ್ತ ವೈರಾಣುವಿನ ಲಸಿಕೆಗಳು ವಿಫಲವಾಗಿವೆ. ಕೆಲವು ಜೀನ್‌ಗಳನ್ನು ತೆಗೆದುಹಾಕಿದ ಜೀವಂತ ಲಸಿಕೆಗಳಿಗೆ ವಿಯೆಟ್ನಾಂ ಅನುಮತಿ ನೀಡಿದೆಯಾದರೂ, 2022ರಲ್ಲಿ ಅಲ್ಲಿ ಲಸಿಕೆ ಪಡೆದ ಹಂದಿಗಳು ಸತ್ತುದರಿಂದ ಬಳಕೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. 2023ರಲ್ಲಿ ಅಲ್ಲಿ ದೇಶವ್ಯಾಪಿ ಬಳಕೆಗೆ ಒಪ್ಪಿಗೆ ದೊರೆಯಿತು. ಜೀವಂತ ಲಸಿಕೆಯ ಸುರಕ್ಷತೆಯ ವಿಷಯದಲ್ಲಿ ಅವಸರ ಸಲ್ಲದು.

ಹಂದಿ ಜ್ವರದ ಲಸಿಕೆಯು ಆಫ್ರಿಕನ್ ಹಂದಿ ಜ್ವರದಿಂದ ರಕ್ಷಣೆ ನೀಡುವುದಿಲ್ಲ. ತೀವ್ರ ಜ್ವರ, ಮೇವು ಬಿಡುವುದು, ಕಿವಿ ಹಾಗೂ ಹೊಟ್ಟೆಯ ಚರ್ಮ ಕೆಂಪು ಅಥವಾ ನೇರಳೆ ಬಣ್ಣಕ್ಕೆ ತಿರುಗುವುದು ಎರಡರಲ್ಲೂ ಕಂಡುಬರುವುದರಿಂದ ಪ್ರಯೋಗಾಲಯದ ಪರೀಕ್ಷೆಯಿಂದ ಮಾತ್ರ ರೋಗವನ್ನು ಖಚಿತಪಡಿಸಬಹುದು. ಸಾಕಣೆದಾರರು ಇಂತಹ ಹಂದಿಗಳನ್ನು ಮಾರಾಟ ಮಾಡದೆ, ಸತ್ತ ಹಂದಿಗಳನ್ನು ಹೊಳೆ ಕೆರೆಗಳಿಗೆ ಎಸೆಯದೆ, ಕೂಡಲೇ ಸಮೀಪದ ಪಶುವೈದ್ಯಕೀಯ ಸಂಸ್ಥೆಗೆ ವರದಿ ಮಾಡುವುದು.