ಗುರುವಿನ ಹೆಸರಿನ ಉದ್ಯಾನ

ಮಕ್ಕಳೇ, ನಿಮ್ಮ ಊರಿನ ಉದ್ಯಾನಕ್ಕೆ ಯಾರ ಹೆಸರಿದೆ? ಸಾಮಾನ್ಯವಾಗಿ ನಾಯಕರ ಅಥವಾ ಕವಿಗಳ ಹೆಸರಿಡುತ್ತಾರೆ. ಆದರೆ ಅಮೆರಿಕದ ನ್ಯೂಬರ್ಗ್ ಎಂಬ ಊರಿನಲ್ಲಿ, ಉದ್ಯಾನಗಳನ್ನು ರೂಪಿಸುವ ವಿದ್ಯೆ ಕಲಿಸಿದವರ ಹೆಸರನ್ನೇ ಒಂದು ಉದ್ಯಾನಕ್ಕೆ ಇಡಲಾಗಿದೆ. ಅದೇ ಡೌನಿಂಗ್ ಪಾರ್ಕ್.

ಆಂಡ್ರ್ಯೂ ಜಾಕ್ಸನ್ ಡೌನಿಂಗ್ ಹುಟ್ಟಿದ್ದು 1815ರಲ್ಲಿ, ಅದೇ ಊರಿನಲ್ಲಿ. ತಂದೆಯದು ಸಸಿ ಬೆಳೆಸಿ ಮಾರುವ ನರ್ಸರಿ. ಗಿಡಗಳ ನಡುವೆ ಬೆಳೆದ ಅವರು ನೆಲದ ಏರುತಗ್ಗು, ಮರ, ನೀರು ಇವನ್ನು ಗಮನಿಸಿ ತೋಟಗಳನ್ನು ಹೇಗೆ ರೂಪಿಸಬೇಕೆಂದು ಪುಸ್ತಕ ಬರೆದರು. ಈ ವಿದ್ಯೆಗೆ ಭೂದೃಶ್ಯ ವಿನ್ಯಾಸ ಎನ್ನುತ್ತಾರೆ. ನ್ಯೂಯಾರ್ಕ್ ನಗರಕ್ಕೆ, ಬಡವ ಬಲ್ಲಿದರೆಲ್ಲರೂ ಬರಬಹುದಾದ ದೊಡ್ಡ ಉದ್ಯಾನ ಬೇಕೆಂದು ಪತ್ರಿಕೆಯಲ್ಲಿ ವಾದಿಸಿದರು. ಅದನ್ನು ಕಾಣಲು ಅವರು ಉಳಿಯಲಿಲ್ಲ. 1852ರ ಜುಲೈ 28ರಂದು ಹಡ್ಸನ್ ನದಿಯಲ್ಲಿ ಅವರು ಪ್ರಯಾಣಿಸುತ್ತಿದ್ದ ಉಗಿಹಡಗಿಗೆ ಬೆಂಕಿ ಬಿತ್ತು. ಆಗ ಅವರ ವಯಸ್ಸು ಕೇವಲ 36.

ಡೌನಿಂಗ್ ಇಂಗ್ಲೆಂಡಿನಿಂದ ಕರೆತಂದಿದ್ದ ಕಾಲ್ವರ್ಟ್ ವಾಕ್ಸ್ ಮತ್ತು ಡೌನಿಂಗ್‌ರನ್ನು ಗುರುವೆಂದೇ ಗೌರವಿಸುತ್ತಿದ್ದ ಫ್ರೆಡರಿಕ್ ಓಲ್ಮ್‌ಸ್ಟೆಡ್ ಜೊತೆಯಾಗಿ ಆ ಕನಸನ್ನು ಮುಂದುವರಿಸಿದರು. 1858ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಸ್ಪರ್ಧೆಯಲ್ಲಿ ಅವರ ನಕ್ಷೆಯೇ ಗೆದ್ದಿತು. ಅಲ್ಲಿದ್ದದ್ದು ಬಂಡೆ ಮತ್ತು ಜೌಗು. ಅನೇಕ ಬಂಡೆಗಳನ್ನು ಹಾಗೆಯೇ ಉಳಿಸಿಕೊಂಡರು. ತಗ್ಗಿನ ಜೌಗನ್ನು ಕೆರೆಯಾಗಿಸಿದರು. ಉಳಿದೆಡೆ ನೆಲದಡಿ ಕೊಳವೆ ಹೂಳಿ ಹೆಚ್ಚುವರಿ ನೀರು ಹರಿದುಹೋಗುವಂತೆ ಮಾಡಿದರು. ಗಿಡಕ್ಕೆ ನೀರು ಬೇಕಲ್ಲವೇ, ಹೊರಗೆ ಹರಿಸಿದ್ದೇಕೆ? ಬೇರುಗಳೂ ಉಸಿರಾಡುತ್ತವೆ. ಮಣ್ಣಿನ ಕಣಗಳ ನಡುವೆ ಗಾಳಿ ಇರುತ್ತದೆ. ನೀರು ನಿಂತರೆ ಆ ಜಾಗವೆಲ್ಲ ನೀರಿನಿಂದ ತುಂಬಿ, ಆಮ್ಲಜನಕ ಸಿಗದೆ ಬೇರು ಕೊಳೆಯುತ್ತದೆ.

ಮುಂದೆ ನ್ಯೂಬರ್ಗ್‌ನವರು ತಮ್ಮೂರಿಗೂ ಉದ್ಯಾನ ರೂಪಿಸಿಕೊಡಿ ಎಂದು ಕೇಳಿದರು. ಆಗ ಇಬ್ಬರೂ ಪ್ರಸಿದ್ಧರು, ವಯಸ್ಸಾದವರು. ಸಂಭಾವನೆ ಬೇಡವೆಂದರು. ಒಂದೇ ಷರತ್ತು: ಉದ್ಯಾನಕ್ಕೆ ಡೌನಿಂಗ್ ಹೆಸರಿಡಬೇಕು! ಸುಮಾರು 35 ಎಕರೆಯ ಈ ಉದ್ಯಾನ 1897ರಲ್ಲಿ ತೆರೆಯಿತು. ಅಷ್ಟರಲ್ಲಿ ವಾಕ್ಸ್ ತೀರಿಕೊಂಡಿದ್ದರು, ಓಲ್ಮ್‌ಸ್ಟೆಡ್ ಕಾಯಿಲೆ ಬಿದ್ದಿದ್ದರು. ಅವರ ಮಕ್ಕಳೂ ಈ ಕೆಲಸಕ್ಕೆ ಕೈಜೋಡಿಸಿದ್ದರು. ವಾಕ್ಸ್ ಮಗನ ಹೆಸರೇನು ಗೊತ್ತೇ? ಡೌನಿಂಗ್! ಸೆಂಟ್ರಲ್ ಪಾರ್ಕ್ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಆದರೂ ನನಗೆ ಈ ಚಿಕ್ಕದೇ ಹೆಚ್ಚು ಇಷ್ಟ.

ಮಾಡಿ ನೋಡಿ: ಮಳೆ ನಿಂತ ಮೇಲೆ ಶಾಲೆಯ ಅಂಗಳದಲ್ಲಿ ನೀರು ಯಾವ ಕಡೆ ಹರಿಯಿತು, ಎಲ್ಲಿ ನಿಂತಿತು, ಎಷ್ಟು ಹೊತ್ತಿನಲ್ಲಿ ಇಂಗಿತು ಎಂದು ನೋಡಿ. ಹಾಳೆಯಲ್ಲಿ ನಕ್ಷೆ ಬರೆದು ಬಾಣದ ಗುರುತು ಹಾಕಿ. ಸಸಿ ನೆಡುವ ಗುಂಡಿ ಎಲ್ಲಿ ತೋಡಬೇಕು, ಎಲ್ಲಿ ತೋಡಬಾರದು? ನಕ್ಷೆಯನ್ನು ನಿಮ್ಮ ಶಿಕ್ಷಕರಿಗೆ ತೋರಿಸಿ ಚರ್ಚಿಸಿ.