ಜಾಮೀನು ಸಹಿಯ ಹೊಣೆ
ರಾರಾವಿ, ಸಿರುಗುಪ್ಪದ ಕಡೆ ಗಿರಣಿಯ ಹಮಾಲನೋ ಲಾರಿ ಚಾಲಕನೋ ಬಂಧಿತನಾದರೆ, ಜಾಮೀನು ನಿಲ್ಲುವಂತೆ ಕೋರಿಕೆ ಬರುವುದು ಪಹಣಿಯುಳ್ಳ ವರ್ತಕರಿಗೇ. ಅಮೆರಿಕದಂತೆ ಶುಲ್ಕ ಪಡೆದು ಜಾಮೀನು ನಿಲ್ಲುವ ಕಂಪನಿಗಳು ನಮ್ಮಲ್ಲಿಲ್ಲ.

ಪೊಲೀಸರು ಬಂಧಿತನನ್ನು, ಪ್ರಯಾಣದ ಅವಧಿ ಬಿಟ್ಟು, 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಜಾಮೀನೀಯ ಅಪರಾಧಗಳಲ್ಲಿ ಜಾಮೀನು ಹಕ್ಕು, ಠಾಣೆಯಲ್ಲೇ ದೊರೆಯಬಹುದು. ಉಳಿದವುಗಳಲ್ಲಿ ಅದು ಬಹುತೇಕ ನ್ಯಾಯಾಲಯದ ವಿವೇಚನೆ. ಮುಚ್ಚಳಿಕೆ ಬರೆದುಕೊಟ್ಟ ಮೇಲಷ್ಟೇ ಬಿಡುಗಡೆಯ ಆದೇಶ ಕಾರಾಗೃಹಕ್ಕೆ ಹೋಗುತ್ತದೆ.

ಜಾಮೀನುದಾರರು ಸಹಿಯ ದಿನ ಸಾಮಾನ್ಯವಾಗಿ ಹಣ ಕಟ್ಟುವುದಿಲ್ಲ. ಹಲವರು ಹಗುರವಾಗಿ ಒಪ್ಪುವುದೂ ಅದಕ್ಕೇ. ಆರೋಪಿ ತಲೆಮರೆಸಿಕೊಂಡರೆ ಮುಚ್ಚಳಿಕೆ ಮುಟ್ಟುಗೋಲಾಗಿ, ನೋಟೀಸಿಗೆ ತಕ್ಕ ಕಾರಣ ಕೊಡದಿದ್ದರೆ ಮೊತ್ತವನ್ನು ದಂಡದಂತೆ ವಸೂಲು ಮಾಡಲಾಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 489ನೆಯ ಕಲಮಿನನ್ವಯ ಜಾಮೀನುದಾರರು ಯಾವಾಗ ಬೇಕಾದರೂ ಹೊಣೆಯಿಂದ ಬಿಡುಗಡೆ ಕೋರಬಹುದು. ಆದರೆ ಆರೋಪಿ ನ್ಯಾಯಾಲಯಕ್ಕೆ ಬಂದ ಮೇಲಷ್ಟೇ ಮುಚ್ಚಳಿಕೆ ರದ್ದಾಗುತ್ತದೆ. ಆದುದರಿಂದ ಅನುಮಾನ ಮೂಡಿದೊಡನೆ ಅರ್ಜಿ ಸಲ್ಲಿಸುವುದು ಲೇಸು.